ಬೀದಿ ಬೆಕ್ಕುಗಳಿಗೆ ನೆರವು: ಒಂದು ಜಾಗ ಹಿಡಿಯಿರಿ, ಪೂರ್ತಿ ಮುಗಿಸಿ

ಬೀದಿ ಬೆಕ್ಕಿಗೆ ಊಟ ಹಾಕುವವರು ಎಲ್ಲ ಕಡೆ ಸಿಗುತ್ತಾರೆ. ಒಳ್ಳೆಯ ಮನಸ್ಸಿನವರೇ. ಆದರೆ ಬರೀ ಊಟ ಹಾಕುತ್ತಾ ಹೋದರೆ ಬೆಕ್ಕುಗಳ ಕಷ್ಟ ಕಮ್ಮಿಯಾಗುವುದಿಲ್ಲ, ಜಾಸ್ತಿಯಾಗುತ್ತದೆ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಗಬ್ಬವಾದ ಮೇಲೆ ಸುಮಾರು 63ರಿಂದ 65 ದಿನಕ್ಕೆ ಮರಿ ಹಾಕುತ್ತದೆ, ಸಾಮಾನ್ಯವಾಗಿ ಒಂದು ಸಲಕ್ಕೆ ಮೂರರಿಂದ ಐದು. ಆ ಮರಿಗಳು ಮೊಲೆ ಬಿಡುವ ಮೊದಲೇ ತಾಯಿ ಮತ್ತೆ ಗಬ್ಬವಾಗಬಹುದು. ಬೀದಿಯಲ್ಲಿ ಹುಟ್ಟಿದ ಮರಿಗಳಲ್ಲಿ ಬಹಳಷ್ಟು ದೊಡ್ಡವಾಗುವುದೇ ಇಲ್ಲ. ಕಾಯಿಲೆ, ವಾಹನ, ನಾಯಿ, ಹಸಿವು ಅಂತ ಒಂದಲ್ಲ ಒಂದಕ್ಕೆ ಬಲಿಯಾಗುತ್ತವೆ. ನಾವು ಹಾಕುವ ಊಟದಿಂದ ಇದು ನಿಲ್ಲುವುದಿಲ್ಲ.

ನಿಲ್ಲುವುದು ಸಂತಾನಹರಣ ಆಪರೇಷನ್‌ನಿಂದ. ಬೋನಿನಲ್ಲಿ ಹಿಡಿಯುವುದು, ಆಪರೇಷನ್ ಮಾಡಿಸುವುದು, ಹಿಡಿದ ಜಾಗದಲ್ಲೇ ಬಿಡುವುದು. ಕೆಲಸ ಇಷ್ಟೇ. ಅಮೆರಿಕದ ಫ್ಲಾರಿಡಾದಲ್ಲಿ ಒಂದು ವಿಶ್ವವಿದ್ಯಾಲಯದ ಆವರಣದಲ್ಲಿ 1991ರಲ್ಲಿ ಹೀಗೆ ಶುರು ಮಾಡಿದರು. 1996ರ ಎಣಿಕೆಯಲ್ಲಿ ಅಲ್ಲಿ 68 ಬೆಕ್ಕುಗಳಿದ್ದವು. 2002ರಲ್ಲಿ ಉಳಿದದ್ದು 23. ಆಪರೇಷನ್ ಜೊತೆಗೆ, ಪಳಗಿದ ಬೆಕ್ಕುಗಳಿಗೆ ಮನೆ ಹುಡುಕುವ ಕೆಲಸವೂ ನಡೆದಿತ್ತು. ಹತ್ತಿರ ಹತ್ತಿರ ಅರ್ಧದಷ್ಟು ಬೆಕ್ಕುಗಳಿಗೆ ಮನೆ ಸಿಕ್ಕಿತು. ಅದೇ ದೇಶದ ನ್ಯೂಬರಿಪೋರ್ಟ್ ಎಂಬ ಊರಿನ ನದಿದಂಡೆಯಲ್ಲಿ 1992ರಲ್ಲಿ ಸುಮಾರು 300 ಬೆಕ್ಕುಗಳಿದ್ದವು. 2009ರ ಹೊತ್ತಿಗೆ ಒಂದೂ ಇರಲಿಲ್ಲ. ಯಾವುದನ್ನೂ ಓಡಿಸಿರಲಿಲ್ಲ. ಹೊಸ ಮರಿ ಹುಟ್ಟುವುದು ನಿಂತಿತ್ತು, ಇದ್ದವು ತಮ್ಮ ಆಯಸ್ಸು ಮುಗಿಸಿದವು ಅಥವಾ ಮನೆ ಸೇರಿದವು.

ಎರಡೂ ಕಡೆ ವರ್ಷಗಟ್ಟಲೆ ಹಿಡಿಯಿತು, ಮತ್ತು ಎರಡೂ ಕಡೆ ಒಂದು ಜಾಗವನ್ನು ಹಿಡಿದು ಅಲ್ಲೇ ಕೂತರು. ಹೊಸದಾಗಿ ಬರುವ ಸ್ವಯಂಸೇವಕರಿಗೆ ನಾನು ಹೇಳುವುದೂ ಇದನ್ನೇ. ಹತ್ತು ಜಾಗದಲ್ಲಿ ಎರಡೆರಡು ಬೆಕ್ಕಿಗೆ ಆಪರೇಷನ್ ಮಾಡಿಸುವ ಬದಲು ಒಂದೇ ಜಾಗದ ಇಪ್ಪತ್ತಕ್ಕೂ ಮಾಡಿಸಿ. ಅರ್ಧಂಬರ್ಧ ಮಾಡಿ ಮುಂದೆ ಹೋದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಬಿಟ್ಟುಹೋದ ಒಂದೆರಡು ಹೆಣ್ಣುಗಳೇ ಆ ಜಾಗವನ್ನು ಮತ್ತೆ ಮರಿಗಳಿಂದ ತುಂಬಿಸುತ್ತವೆ.

ಮೊದಲ ಹೆಜ್ಜೆ: ಎಣಿಸಿ

ಬೋನು ಕೊಳ್ಳುವ ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಒಂದೆರಡು ವಾರ, ಬೆಕ್ಕುಗಳು ಊಟಕ್ಕೆ ಬರುವ ಹೊತ್ತಿನಲ್ಲಿ ಹೋಗಿ ಸುಮ್ನೆ ಕೂತು ನೋಡಿ. ಪ್ರತಿ ಬೆಕ್ಕಿನ ಎರಡೂ ಬದಿಯ ಫೋಟೋ ತೆಗೆಯಿರಿ. ಒಂದೇ ಬದಿ ತೆಗೆದರೆ ಎರಡು ಕಪ್ಪುಬಿಳಿ ಬೆಕ್ಕುಗಳು ಒಂದೇ ಅನ್ನಿಸಿಬಿಡುತ್ತವೆ. ಬಣ್ಣ, ಬಾಲ, ಮೂಗಿನ ಮೇಲಿನ ಮಚ್ಚೆ, ಕುಂಟು ಇದ್ದರೆ ಅದು, ಎಲ್ಲ ಬರೆದಿಡಿ. ಹೆಸರಿಡಬೇಕು ಅನ್ನಿಸಿದರೆ ಇಡಿ, ಗುಂಪಿನಲ್ಲಿ ಮಾತಾಡುವಾಗ ಅನುಕೂಲ.

ಕಿವಿಯನ್ನು ಮರೆಯದೆ ನೋಡಿ. ಆಪರೇಷನ್ ಆದ ಬೀದಿ ಬೆಕ್ಕಿನ ಒಂದು ಕಿವಿಯ ತುದಿಯನ್ನು, ಅದು ಅರಿವಳಿಕೆಯಲ್ಲಿರುವಾಗಲೇ, ಸುಮಾರು 1 ಸೆಂಟಿಮೀಟರ್ ಕತ್ತರಿಸಿರುತ್ತಾರೆ. ಬಹಳ ಕಡೆ ಎಡಗಿವಿ, ಕೆಲವು ಕಡೆ ಬಲಗಿವಿ. ಜಗಳದಲ್ಲಿ ಹರಿದ ಕಿವಿ ಬೇರೆ, ಇದು ಬೇರೆ. ಹರಿದ ಕಿವಿಯ ಅಂಚು ಅಂಕುಡೊಂಕಾಗಿರುತ್ತದೆ, ಇದು ನೇರವಾಗಿ ಗೆರೆ ಎಳೆದ ಹಾಗಿರುತ್ತದೆ. ಈ ಗುರುತು ದೂರದಿಂದಲೇ ಕಾಣುತ್ತದೆ, ಒಮ್ಮೆ ಆಪರೇಷನ್ ಆದ ಬೆಕ್ಕನ್ನು ಮತ್ತೆ ಹಿಡಿಯುವುದು ತಪ್ಪುತ್ತದೆ. ‘ಪಾಪ, ಕಿವಿ ಯಾಕೆ ಕತ್ತರಿಸಬೇಕು’ ಅಂತ ಕೇಳುವವರಿದ್ದಾರೆ. ಗುರುತಿಲ್ಲದ ಹೆಣ್ಣು ಬೆಕ್ಕನ್ನು ಎರಡನೇ ಸಲ ಅರಿವಳಿಕೆ ಕೊಟ್ಟು, ಹೊಟ್ಟೆ ಕೊಯ್ದು ನೋಡಿದ ಮೇಲೆ ‘ಆಗಲೇ ಆಗಿದೆ’ ಅನ್ನುವ ಪಾಡು ಅದಕ್ಕಿಂತ ಕಷ್ಟ, ಅಲ್ವಾ?

ಗಂಡೋ ಹೆಣ್ಣೋ ಅಂತ ದೂರದಿಂದ ಹೇಳುವುದು ಸುಲಭವಲ್ಲ. ಆದರೆ ಕೆಲವು ಸುಳಿವುಗಳಿವೆ. ಕಪ್ಪು, ಕೇಸರಿ, ಬಿಳಿ ಮೂರೂ ಬಣ್ಣವಿರುವ ಬೆಕ್ಕು ಹೆಚ್ಚುಕಮ್ಮಿ ಯಾವಾಗಲೂ ಹೆಣ್ಣೇ. ಕೇಸರಿ ಬಣ್ಣದ ಜೀನ್ ಎಕ್ಸ್ ಕ್ರೋಮೋಸೋಮ್ ಮೇಲಿರುವುದೇ ಇದಕ್ಕೆ ಕಾರಣ. ಕಪ್ಪು, ಕೇಸರಿ ಎರಡೂ ಒಟ್ಟಿಗೆ ಬರಬೇಕಾದರೆ ಎರಡು ಎಕ್ಸ್ ಬೇಕು, ಅದು ಸಾಮಾನ್ಯವಾಗಿ ಹೆಣ್ಣಿಗೇ ಇರುವುದು. ದಪ್ಪ ಕೆನ್ನೆ, ಅಗಲ ಮುಖ ಇದ್ದರೆ ಆಪರೇಷನ್ ಆಗದ ದೊಡ್ಡ ಗಂಡು ಇರಬಹುದು. ಮೊಲೆಗಳು ಕೆಂಪಗೆ ಜೋತು, ಸುತ್ತಲಿನ ಕೂದಲು ಸವೆದಿದ್ದರೆ ಎಲ್ಲೋ ಮರಿಗಳಿವೆ ಅಂತಲೇ ಅರ್ಥ.

ಇನ್ನೊಂದು ಮಾತು. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ತಾಣ ಹತ್ತಿರದಲ್ಲೇ ಇದ್ದರೆ ಅಲ್ಲಿ ಊಟದ ಜಾಗ ಮಾಡಬೇಡಿ. ಬೆಕ್ಕು ಬೇಟೆಗಾರ ಪ್ರಾಣಿ, ಹೊಟ್ಟೆ ತುಂಬಿದ್ದರೂ ಬೇಟೆಯಾಡುತ್ತದೆ. ನಮಗೆ ಬೆಕ್ಕಿನ ಮೇಲೆ ಪ್ರೀತಿ ಇದೆ ಅಂತ ಹಕ್ಕಿಗಳ ಪ್ರಾಣ ಅಗ್ಗವಾಗುವುದಿಲ್ಲ.

ಜನರನ್ನು ಸೇರಿಸಿಕೊಳ್ಳಿ

ಒಬ್ಬರೇ ಎಲ್ಲ ಮಾಡಲು ಹೋದರೆ ಕೆಲವೇ ತಿಂಗಳಲ್ಲಿ ಸುಸ್ತಾಗಿ ಕೈಬಿಡುತ್ತೀರಿ. ಮೂರು ನಾಲ್ಕು ಜನ ಸಾಕು, ಆದರೆ ಯಾರ ಕೆಲಸ ಯಾವುದು ಅನ್ನುವುದು ಗೊತ್ತಿರಬೇಕು. ಒಬ್ಬರು ದಿನಾ ಊಟ ಹಾಕುವವರು. ಒಬ್ಬರು ಬೋನು ಹಿಡಿಯುವ ತಾಳ್ಮೆ ಇರುವವರು. ಒಬ್ಬರ ಹತ್ತಿರ ವಾಹನ. ಆಪರೇಷನ್ ಆದ ರಾತ್ರಿ ಬೆಕ್ಕುಗಳನ್ನು ಇಟ್ಟುಕೊಳ್ಳಲು ಯಾರದಾದರೂ ಖಾಲಿ ಕೋಣೆ. ಲೆಕ್ಕ ಬರೆಯುವವರು ಬೇರೆಯೇ ಇದ್ದರೆ ಒಳ್ಳೆಯದು. ಜನರಿಂದ ಹಣ ಪಡೆದರೆ ರಸೀದಿ ಇಟ್ಟು, ಕೊಟ್ಟವರು ಕೇಳುವ ಮೊದಲೇ ಲೆಕ್ಕ ತೋರಿಸಿ.

ಸುತ್ತಮುತ್ತಲಿನವರ ಜೊತೆ ಮಾತಾಡುವುದನ್ನು ತಪ್ಪಿಸಿಕೊಳ್ಳಬೇಡಿ. ಬೆಕ್ಕುಗಳನ್ನು ಕಂಡರೆ ಸಿಡುಕುವವರ ದೂರಿನಲ್ಲಿ ಬಹಳ ಸಲ ನಿಜವಿರುತ್ತದೆ. ರಾತ್ರಿಯೆಲ್ಲ ಕೂಗಾಟ, ಬಾಗಿಲ ಹತ್ತಿರ ಗಂಡು ಬೆಕ್ಕು ಸಿಂಪಡಿಸಿದ ಮೂತ್ರದ ನಾತ, ಕೈತೋಟದಲ್ಲಿ ಹೊಲಸು, ವರ್ಷಕ್ಕೆರಡು ಸಲ ಮರಿಗಳು. ಇದರಲ್ಲಿ ಮುಕ್ಕಾಲು ಭಾಗ ಆಪರೇಷನ್‌ನಿಂದಲೇ ಕಮ್ಮಿಯಾಗುವಂಥದ್ದು. ಅದನ್ನೇ ಹೇಳಿ. ‘ಸರ್, ಇವುಗಳನ್ನು ಹೊಡೆದೋಡಿಸಿದರೆ ಬೇರೆ ಬೆಕ್ಕುಗಳು ಬಂದು ಸೇರುತ್ತವೆ. ಇವಕ್ಕೇ ಆಪರೇಷನ್ ಮಾಡಿಸಿದರೆ ಕೂಗಾಟವೂ ನಿಲ್ಲುತ್ತೆ, ಮರಿಗಳೂ ಆಗಲ್ಲ. ನಮಗೆ ಒಂದಷ್ಟು ದಿನ ಅವಕಾಶ ಕೊಡಿ.’ ಇಷ್ಟು ಹೇಳಿದರೆ ಎಷ್ಟೋ ಜನ ಸಮಾಧಾನವಾಗುತ್ತಾರೆ. ಕೆಲವರು ಬೋನು ಇಡಲು ತಮ್ಮ ಕಾಂಪೌಂಡನ್ನೇ ಬಿಟ್ಟುಕೊಡುತ್ತಾರೆ. ಹಾಗೆಯೇ ಪ್ರಾಣಿಗಳ ಬಗ್ಗೆ ನಿಮ್ಮಲ್ಲಿರುವ ಕಾನೂನನ್ನೂ, ಜಾಗದ ಮಾಲೀಕರ ಒಪ್ಪಿಗೆಯನ್ನೂ ಮೊದಲೇ ನೋಡಿಕೊಳ್ಳಿ.

ಊಟ ಹಾಕುವ ಕ್ರಮ

ದಿನಾ ಒಂದೇ ಹೊತ್ತು, ಒಂದೇ ಜಾಗ. ರಸ್ತೆಯಿಂದ ದೂರ, ಜನರ ಕಣ್ಣಿಗೆ ಬೀಳದ ಮೂಲೆ. ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ ಬಿಟ್ಟು ಉಳಿದದ್ದನ್ನು ಎತ್ತಿ, ತಟ್ಟೆ ತೊಳೆದು, ನೆಲ ಒರೆಸಿ ಬನ್ನಿ. ಇಡೀ ದಿನ ಊಟ ಬಿದ್ದಿದ್ದರೆ ಇರುವೆ, ಇಲಿ, ನಾಯಿ, ಬೈಗುಳ ಎಲ್ಲ ಬರುತ್ತವೆ. ಇನ್ನೊಂದು ತೊಂದರೆ ಎಂದರೆ ಹೊಟ್ಟೆ ತುಂಬಿದ ಬೆಕ್ಕು ಬೋನಿಗೆ ಬರುವುದಿಲ್ಲ. ಹೊತ್ತಿಗೆ ಸರಿಯಾಗಿ ಹಸಿದು ಬರುವ ಅಭ್ಯಾಸ ಮಾಡಿಸುವುದೇ ಹಿಡಿಯುವ ಕೆಲಸದ ಅರ್ಧ ಭಾಗ.

ಬೆಕ್ಕು ಮಾಂಸಾಹಾರಿ. ಟಾರಿನ್ ಎಂಬ ಅಂಶ ಅದಕ್ಕೆ ಆಹಾರದಿಂದಲೇ ಸಿಗಬೇಕು. ಅದು ಸಿಗದೆ ಹೋದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ನಾಯಿಗೆ ಮಾಡಿದ ಆಹಾರವನ್ನು ದಿನಾ ಹಾಕಬೇಡಿ. ಹಸುವಿನ ಹಾಲು ಬೇಡ, ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಅದು ಜೀರ್ಣವಾಗದೆ ಭೇದಿಯಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಇರುವ ಅಡುಗೆ ಬೆಕ್ಕಿಗೆ ವಿಷ. ನೀರು ಮಾತ್ರ ಇಪ್ಪತ್ತನಾಲ್ಕು ಗಂಟೆಯೂ ಇರಲಿ, ಊಟದ ತಟ್ಟೆಯಿಂದ ಸ್ವಲ್ಪ ದೂರದಲ್ಲಿ.

ಪಶುವೈದ್ಯರ ಹತ್ತಿರ ಮೊದಲೇ ಮಾತಾಡಿ

ಬೆಕ್ಕು ಬೋನಿಗೆ ಬಿದ್ದ ಮೇಲೆ ವೈದ್ಯರನ್ನು ಹುಡುಕಲು ಹೊರಡಬಾರದು. ದಿನ ಗೊತ್ತುಮಾಡಿಕೊಂಡು, ಎಷ್ಟು ಬೆಕ್ಕು ತರುತ್ತೀರಿ ಅಂತ ಹೇಳಿ, ಆಮೇಲೆ ಬೋನು ಇಡಿ. ಮನುಷ್ಯರನ್ನು ಹತ್ತಿರ ಬಿಡದ ಬೆಕ್ಕನ್ನು ಬೋನಿನಲ್ಲಿರುವಾಗಲೇ ಅರಿವಳಿಕೆ ಕೊಟ್ಟು ತೆಗೆಯುವ ಅಭ್ಯಾಸ ಅವರಿಗಿದೆಯೇ ಕೇಳಿ. ಹೊಲಿಗೆ ಬಿಚ್ಚಿಸಲು ಮತ್ತೆ ಹಿಡಿಯಲಾಗದು, ಹಾಗಾಗಿ ತಾನಾಗಿ ಕರಗುವ ದಾರವೇ ಬೇಕು. ನೋವಿನ ಇಂಜೆಕ್ಷನ್, ಕಿವಿಯ ಗುರುತು, ರೇಬೀಸ್ ಲಸಿಕೆ, ಚಿಗಟದ ಔಷಧಿ ಎಲ್ಲ ಒಂದೇ ಸಲಕ್ಕೆ ಆಗಿಬಿಡಲಿ. ಇಂಥ ಬೆಕ್ಕು ಎರಡನೇ ಸಲ ಕೈಗೆ ಸಿಗುತ್ತದೆ ಅನ್ನುವ ಭರವಸೆ ಇಲ್ಲ. ಆರೋಗ್ಯವಾಗಿರುವ ಮರಿಗೆ ಎರಡು ತಿಂಗಳಾಗಿ, ತೂಕ 1 ಕಿಲೋ ಹತ್ತಿರ ಬಂದಿದ್ದರೆ ಈ ಆಪರೇಷನ್ ಮಾಡಬಹುದು. ಇದರಲ್ಲಿ ಅನುಭವವಿರುವ ವೈದ್ಯರ ಹತ್ತಿರವೇ ಹೋಗಿ.

ಬೋನು ಇಡುವ ದಿನ

ಬೋನನ್ನು ಮೂರು ನಾಲ್ಕು ದಿನ ಮೊದಲೇ ಊಟದ ಜಾಗದಲ್ಲಿಡಿ. ಬಾಗಿಲು ಬೀಳದ ಹಾಗೆ ಗಟ್ಟಿಯಾಗಿ ಮೇಲೆ ಕಟ್ಟಿ. ಊಟದ ತಟ್ಟೆಯನ್ನು ಮೊದಲ ದಿನ ಬೋನಿನ ಪಕ್ಕ, ಎರಡನೇ ದಿನ ಬಾಗಿಲಲ್ಲಿ, ಆಮೇಲೆ ಒಳಗೆ ಸರಿಸಿ. ಬೆಕ್ಕುಗಳಿಗೆ ಅದು ದಿನದ ಸಾಮಾನಾಗಿಬಿಡುತ್ತದೆ.

ಹಿಡಿಯುವ ಹಿಂದಿನ ದಿನ ದೊಡ್ಡ ಬೆಕ್ಕುಗಳಿಗೆ ಊಟ ಹಾಕಬೇಡಿ, ನೀರು ಇರಲಿ. ಊಟ ಹಾಕುವ ಬೇರೆಯವರಿಗೂ ಹೇಳಿಡಿ. ಒಬ್ಬರು ಕರುಣೆಯಿಂದ ಒಂದು ಮುಷ್ಟಿ ಹಾಕಿದರೂ ಇಡೀ ದಿನದ ಕೆಲಸ ಕೆಡುತ್ತದೆ. ಮರಿಗಳನ್ನು ಮಾತ್ರ ಅಷ್ಟು ಹೊತ್ತು ಉಪವಾಸ ಕೆಡವಬೇಡಿ, ಅವುಗಳ ರಕ್ತದಲ್ಲಿ ಸಕ್ಕರೆ ಬೇಗ ಇಳಿಯುತ್ತದೆ. ಎಷ್ಟು ಹೊತ್ತು ಅಂತ ವೈದ್ಯರನ್ನೇ ಕೇಳಿ.

ಬೋನನ್ನು ಸಮತಟ್ಟಾದ ನೆಲದ ಮೇಲಿಡಿ. ಅಲುಗಾಡಿದರೆ ಬೆಕ್ಕು ಒಳಗೆ ಹೋಗದು. ತಳಕ್ಕೆ ದಿನಪತ್ರಿಕೆ ಹಾಸಿ, ಗಾಳಿಗೆ ಹಾರದ ಹಾಗೆ ಅಂಟಿಸಿ. ಗಮ್ಮೆನ್ನುವ ಮೀನೋ ಒದ್ದೆ ಆಹಾರವೋ ಒಂದು ಚಮಚದಷ್ಟನ್ನು ಕೊನೆಯಲ್ಲಿ, ತುಳಿದರೆ ಬಾಗಿಲು ಬೀಳುವ ಹಲಗೆಯ ಆಚೆಗೆ ಇಡಿ. ಬಾಗಿಲಿನಿಂದ ಒಳಗಿನವರೆಗೆ ನಾಲ್ಕೈದು ಕಡೆ ಚಿಟಿಕೆ ಚಿಟಿಕೆ ಹಾಕಿ. ಜಾಸ್ತಿ ಹಾಕಿದರೆ ಬಾಗಿಲಲ್ಲೇ ಹೊಟ್ಟೆ ತುಂಬಿಸಿಕೊಂಡು ಹೋಗುತ್ತದೆ.

ಈಗ ದೂರ ಸರಿದು, ಆದರೆ ಬೋನು ಕಾಣುವ ಹಾಗೆ ಕೂರಬೇಕು. ಬೆಕ್ಕು ಬರುತ್ತದೆ. ಬಾಗಿಲಲ್ಲಿ ನಿಂತು ಕತ್ತು ಚಾಚಿ ಮೂಸುತ್ತದೆ. ಮುಂಗಾಲು ಎರಡು ಒಳಗಿಟ್ಟು, ಹಿಂಗಾಲು ಹೊರಗೇ ಊರಿಕೊಂಡು ಮೊದಲ ಚಿಟಿಕೆ ತಿನ್ನುತ್ತದೆ. ಹಿಂದಕ್ಕೆ ಹೋಗುತ್ತದೆ. ಮತ್ತೆ ಬರುತ್ತದೆ. ನಾವು ಉಸಿರು ಬಿಗಿಹಿಡಿದು ಕೂತಿರುವುದು ಇಲ್ಲೇ. ಕೆಮ್ಮಬೇಡಿ, ಮೊಬೈಲ್ ಎತ್ತಬೇಡಿ. ಹಲಗೆ ತುಳಿದು ಬಾಗಿಲು ಬಿದ್ದ ತಕ್ಷಣ ಬೆಕ್ಕು ಗಾಬರಿಯಿಂದ ಸುತ್ತಲೂ ಹಾರುತ್ತದೆ, ಮೂಗನ್ನು ಕಂಬಿಗೆ ಉಜ್ಜುತ್ತದೆ. ಓಡಿಹೋಗಿ ದೊಡ್ಡ ದಪ್ಪ ಬಟ್ಟೆಯನ್ನು ಬೋನಿನ ಮೇಲೆ ಪೂರ್ತಿ ಹೊದಿಸಿ. ಕತ್ತಲಾದ ಕೂಡಲೇ ಬಹುತೇಕ ಬೆಕ್ಕುಗಳು ತಣ್ಣಗಾಗುತ್ತವೆ. ಬಟ್ಟೆ ಮರೆತು ಬೋನು ತರುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಬೋನಿಟ್ಟು ಮನೆಗೆ ಹೋಗುವುದಂತೂ ಸಲ್ಲದು. ಬಿಸಿಲು, ಮಳೆ, ನಾಯಿ, ತುಂಟರು, ಏನು ಬೇಕಾದರೂ ಆಗಬಹುದು. ತುಂಬ ಸೆಖೆ ಅಥವಾ ಕೊರೆಯುವ ಚಳಿ ಇರುವ ದಿನ ಈ ಕೆಲಸ ಬೇಡ. ಹಿಡಿದ ಬೋನಿಗೆ ಒಂದು ಚೀಟಿ ಕಟ್ಟಿ: ನಂಬರ್, ಜಾಗ, ಬೆಕ್ಕಿನ ಬಣ್ಣ. ವಾಹನದಲ್ಲಿ ಗಾಳಿಯಾಡುವ ಕಡೆ, ಉರುಳದ ಹಾಗೆ ಇಡಿ. ಬೋನಿನಿಂದ ಬೋನಿಗೆ, ಬುಟ್ಟಿಗೆ ಅಂತ ಬದಲಿಸಲು ಹೋಗಬೇಡಿ. ಬರಿಗೈಯಲ್ಲಿ ಹಿಡಿಯುವ ಸಾಹಸ ಯಾರೂ ಮಾಡಬಾರದು.

ಎಲ್ಲ ಜಾಗದಲ್ಲೂ ಬೋನಿಗೆ ಜಪ್ಪಯ್ಯ ಅಂದರೂ ಬಾರದ ಒಂದು ಹಳೇ ಹೆಣ್ಣು ಬೆಕ್ಕು ಇರುತ್ತದೆ. ಅದಕ್ಕೇ ಬೀಳುಬೋನು ಇರುವುದು. ಬಲೆ ಬಿಗಿದ ಅಗಲವಾದ ಚೌಕಟ್ಟು, ಒಂದು ಬದಿಗೆ ಕೋಲು ಕೊಟ್ಟು ಎತ್ತಿ ನಿಲ್ಲಿಸಿರುತ್ತಾರೆ. ಕೋಲಿಗೆ ಉದ್ದ ಹಗ್ಗ. ಬೆಕ್ಕು ಕೆಳಗೆ ಬಂದು ತಿನ್ನಲು ತಲೆ ತಗ್ಗಿಸಿದಾಗ ಹಗ್ಗ ಎಳೆಯಬೇಕು. ಯಾವ ಬೆಕ್ಕು ಬೇಕೋ ಅದನ್ನೇ ಹಿಡಿಯಲೂ ಇದು ಒಳ್ಳೆಯದು. ಕೊನೆಯ ಹೆಣ್ಣು ಸಿಗುವವರೆಗೆ ಜಾಗ ಬಿಡಬೇಡಿ.

ಹಿಡಿದದ್ದು ಬಾಣಂತಿ ಬೆಕ್ಕಾದರೆ ಮೊದಲು ಮರಿಗಳನ್ನು ಹುಡುಕಿ. ಹಾಲೂಡುವ ತಾಯಿಗೂ ಆಪರೇಷನ್ ಮಾಡಬಹುದು, ಆಮೇಲೂ ಅದು ಹಾಲು ಕೊಡುತ್ತದೆ. ಆದರೆ ಮರಿಗಳು ತೀರಾ ಎಳೆಯವಾಗಿದ್ದರೆ ಅಷ್ಟು ಹೊತ್ತು ತಾಯಿಯನ್ನು ಅಗಲಿಸಬಾರದು. ಮರಿಗಳು ಎಲ್ಲಿವೆ ಅಂತ ಗೊತ್ತಾಗದೆ ಹೋದರೆ ವೈದ್ಯರಿಗೆ ಹೇಳಿ, ಅದನ್ನು ಮೊದಲು ಮುಗಿಸಿ, ಪೂರ್ತಿ ಎಚ್ಚರವಾದ ಮೇಲೆ ಎಲ್ಲಕ್ಕಿಂತ ಮುಂಚೆ ಬಿಟ್ಟುಬನ್ನಿ.

ಆಪರೇಷನ್ ಆದ ರಾತ್ರಿ

ಅರಿವಳಿಕೆಯಿಂದ ಏಳುತ್ತಿರುವ ಬೆಕ್ಕಿಗೆ ಮೈಬಿಸಿ ಕಾಯ್ದುಕೊಳ್ಳಲು ಬರುವುದಿಲ್ಲ. ಕೋಣೆ ಬೆಚ್ಚಗಿರಲಿ, ಗಾಳಿ ನೇರವಾಗಿ ಬೀಸದಿರಲಿ, ಸದ್ದು ಬೇಡ. ಬೋನನ್ನು ನೆಲದಿಂದ ಒಂದಿಷ್ಟು ಮೇಲೆ, ಬಟ್ಟೆ ಹೊದಿಸಿ ಇಡಿ. ಆಗಾಗ ಬಟ್ಟೆಯ ಅಂಚು ಎತ್ತಿ ಉಸಿರಾಟ ನೋಡಿ. ತೂರಾಡುವುದು, ತಲೆ ಅಲ್ಲಾಡಿಸುವುದು ಸಹಜ. ನಿಲ್ಲದ ರಕ್ತ, ಗಂಟೆಗಟ್ಟಲೆ ಕಳೆದರೂ ತಲೆ ಎತ್ತದಿರುವುದು, ಬಾಯಿ ತೆರೆದು ಏದುಸಿರು, ಬಿಳಿಚಿದ ಒಸಡು, ಇವು ಕಂಡರೆ ಆ ರಾತ್ರಿಯೇ ವೈದ್ಯರಿಗೆ ಫೋನ್ ಮಾಡಿ. ಪೂರ್ತಿ ಎಚ್ಚರವಾದ ಮೇಲಷ್ಟೇ ನೀರು, ಆಮೇಲೆ ಸ್ವಲ್ಪ ಊಟ. ಎಷ್ಟೇ ಪಾಪ ಅನ್ನಿಸಿದರೂ ಬೋನಿನೊಳಗೆ ಕೈ ಹಾಕಿ ಸವರಬೇಡಿ.

ಗಂಡನ್ನು ಸಾಮಾನ್ಯವಾಗಿ ಮರುದಿನ ಬಿಡಬಹುದು. ಹೆಣ್ಣಿಗೆ ಒಂದೆರಡು ದಿನ ಬೇಕು, ವೈದ್ಯರು ಹೇಳಿದ ಹಾಗೆ ಮಾಡಿ. ಗಂಡು ಬೆಕ್ಕಿನ ಮೈಯಲ್ಲಿ ಆಪರೇಷನ್ ಆದ ಮೇಲೂ ಕೆಲವು ವಾರ ವೀರ್ಯ ಉಳಿದಿರುತ್ತದೆ. ಆ ವಾರಗಳಲ್ಲಿ ಅಲ್ಲಿ ಒಂದು ಹೆಣ್ಣು ಗಬ್ಬವಾದರೆ ‘ಆಪರೇಷನ್ ಕೆಟ್ಟಿತು’ ಅಂತ ವೈದ್ಯರನ್ನು ದೂರಬೇಡಿ.

ಬಿಡುವುದು ಹಿಡಿದ ಜಾಗದಲ್ಲೇ

‘ದೂರದ ತೋಟದಲ್ಲಿ ಬಿಟ್ಟುಬಿಡಿ, ಅಲ್ಲಿ ಹಾಯಾಗಿರುತ್ತೆ’ ಅನ್ನುವ ಸಲಹೆ ಎಲ್ಲ ಕಡೆ ಕೇಳುತ್ತದೆ. ದಯವಿಟ್ಟು ಒಪ್ಪಬೇಡಿ. ಗೊತ್ತಿಲ್ಲದ ಜಾಗದಲ್ಲಿ ಬೆಕ್ಕಿಗೆ ನೀರೆಲ್ಲಿ, ಅಡಗುವ ಸಂದಿ ಯಾವುದು, ಯಾವ ನಾಯಿ ಎಲ್ಲಿ ಮಲಗುತ್ತದೆ, ಒಂದೂ ತಿಳಿಯದು. ಹಳೇ ಜಾಗ ಹುಡುಕಿಕೊಂಡು ಹೊರಟು ದಾರಿಯಲ್ಲೇ ಸಾಯುವ ಬೆಕ್ಕುಗಳೇ ಬಹಳ. ಜಾಗ ಬದಲಿಸಲೇಬೇಕಾದ ಪರಿಸ್ಥಿತಿ ಬಂದರೆ, ಉದಾಹರಣೆಗೆ ಇದ್ದ ಕಟ್ಟಡ ಒಡೆಯುತ್ತಿದ್ದರೆ, ಹೊಸ ಜಾಗದಲ್ಲಿ ಎರಡು ಮೂರು ವಾರ ದೊಡ್ಡ ಗೂಡಿನೊಳಗಿಟ್ಟು, ಅಲ್ಲೇ ಊಟ ಹಾಕಿ, ಅಲ್ಲಿನ ವಾಸನೆ ಸದ್ದುಗಳು ರೂಢಿಯಾದ ಮೇಲೆ ಬಿಡಬೇಕು.

ಬಿಡುವಾಗ ಬೋನಿನ ಬಾಗಿಲು ರಸ್ತೆಗೆ ಬೆನ್ನು ಮಾಡಿರಲಿ. ತೆರೆದು ಹಿಂದೆ ಸರಿಯಿರಿ. ಬಾಣದ ಹಾಗೆ ಓಡುತ್ತದೆ. ಎರಡು ದಿನ ಊಟಕ್ಕೆ ಬಾರದಿದ್ದರೆ ಗಾಬರಿ ಬೇಡ. ಊಟ ಎಂದಿನ ಹೊತ್ತಿಗೆ ಎಂದಿನ ಜಾಗದಲ್ಲಿರಲಿ, ಬರುತ್ತದೆ.

ಮರಿಗಳು ಸಿಕ್ಕಾಗ

ಒಂಟಿ ಮರಿಗಳನ್ನು ಕಂಡರೆ ಕರುಳು ಚುರುಕ್ ಅನ್ನುತ್ತದೆ, ಎತ್ತಿಕೊಂಡು ಬರುತ್ತೇವೆ. ಸ್ವಲ್ಪ ತಡೆಯಿರಿ. ತಾಯಿ ಊಟ ಹುಡುಕಲು ಹೋಗಿರಬಹುದು. ಮರಿಗಳು ಶುಚಿಯಾಗಿದ್ದು, ಹೊಟ್ಟೆ ದುಂಡಗಿದ್ದು, ಒಂದರ ಮೇಲೊಂದು ಬಿದ್ದು ನಿದ್ದೆ ಮಾಡುತ್ತಿದ್ದರೆ ತಾಯಿ ಇದೆ. ದೂರ ನಿಂತು ಕೆಲವು ಗಂಟೆ ಕಾಯಿರಿ. ಕಾಯಲಾಗದಿದ್ದರೆ ಗೂಡಿನ ಸುತ್ತ ತೆಳುವಾಗಿ ಹಿಟ್ಟು ಉದುರಿಸಿ ಹೋಗಿ, ಮರಳಿ ಬಂದಾಗ ಹೆಜ್ಜೆಗುರುತು ಹೇಳುತ್ತದೆ. ಮೈಯೆಲ್ಲ ಗಲೀಜು, ಹೊಟ್ಟೆ ಒಳಗೆ ಹೋಗಿದೆ, ನಿಲ್ಲಿಸದೆ ಅಳುತ್ತಿವೆ, ಮೈ ತಣ್ಣಗಿದೆ ಅಂದರೆ ಮಾತ್ರ ಕಾಯಬೇಡಿ. ಎಷ್ಟೇ ಒಳ್ಳೆಯ ಹಾಲಿನ ಪುಡಿ ತಂದರೂ ತಾಯಿಗೆ ಸಮ ಅಲ್ಲ. ತಾಯಿ ಇದ್ದರೆ ತಾಯಿಯ ಜೊತೆಗೇ ಮರಿಗಳನ್ನು ಸಾಕುವುದು ಯಾವತ್ತೂ ಮೇಲು.

ವಯಸ್ಸು ತಿಳಿಯಲು ಕಣ್ಣು, ಕಿವಿ, ಹಲ್ಲು ನೋಡಿ. ಹೊಕ್ಕುಳಬಳ್ಳಿ ಇನ್ನೂ ಇದ್ದರೆ ಹುಟ್ಟಿ ಕೆಲವೇ ದಿನ. ಕಣ್ಣು ಬಿಡುವುದು ಒಂದರಿಂದ ಎರಡು ವಾರದ ನಡುವೆ. ಮೂರು ವಾರದ ಹೊತ್ತಿಗೆ ಕಿವಿ ನೆಟ್ಟಗಾಗಿ, ಮುಂದಿನ ಪುಟ್ಟ ಹಲ್ಲುಗಳು ಬೆರಳಿಗೆ ತಾಗುತ್ತವೆ, ತಡವರಿಸುತ್ತಾ ನಡೆಯುತ್ತವೆ.

ತಣ್ಣಗಾದ ಮರಿಗೆ ಮೊದಲು ಬೇಕಾದ್ದು ಬಿಸಿ, ಹಾಲಲ್ಲ. ಮೈ ತಣ್ಣಗಿರುವಾಗ ಹಾಲು ಕುಡಿಸಿದರೆ ಜೀರ್ಣವಾಗುವುದಿಲ್ಲ, ಮರಿ ಸಾಯಬಹುದು. ಬಾಟಲಿಗೆ ಬೆಚ್ಚಗಿನ ನೀರು ತುಂಬಿ, ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಬಿಸಿ ಜಾಸ್ತಿಯಾದರೆ ಮರಿ ಸರಿದು ಹೋಗಲು ಜಾಗವಿರಲಿ. ನಿಧಾನವಾಗಿ ಬೆಚ್ಚಗಾದ ಮೇಲೆ ಬೆಕ್ಕಿನ ಮರಿಗೆಂದೇ ಮಾಡಿದ ಹಾಲಿನ ಪುಡಿ ಕಲಸಿ ಕೊಡಿ. ಮಗುವಿನ ಹಾಗೆ ಅಂಗಾತ ಮಲಗಿಸಿ ಕುಡಿಸಬಾರದು, ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆ ಕೆಳಗಾಗಿ, ತಾಯಿಯ ಹತ್ತಿರ ಕುಡಿಯುವ ಭಂಗಿಯಲ್ಲೇ ಇರಲಿ. ಸಿರಿಂಜಿನಲ್ಲಿ ಬಾಯಿಗೆ ಒತ್ತಿ ಸುರಿಯಬೇಡಿ, ಮರಿ ತಾನೇ ಚೀಪಲಿ. ಮೊದಲ ವಾರ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ. ಆಮೇಲೆ ಅಂತರ ಹೆಚ್ಚುತ್ತಾ ಹೋಗುತ್ತದೆ. ಮೂರು ವಾರದವರೆಗೆ ಮರಿಗಳಿಗೆ ತಾವಾಗಿ ಮೂತ್ರ, ಮಲ ಮಾಡಲು ಬರುವುದಿಲ್ಲ. ಪ್ರತಿ ಸಲ ಕುಡಿಸಿದ ಮೇಲೆ ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಹಿಂಭಾಗವನ್ನು ಮೆಲ್ಲಗೆ ಒರೆಸಿ ಮಾಡಿಸಬೇಕು, ತಾಯಿ ನೆಕ್ಕಿ ಮಾಡಿಸುವುದೂ ಇದನ್ನೇ.

ದಿನಾ ಒಂದೇ ಹೊತ್ತಿಗೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಹುಟ್ಟಿದಾಗ ಸುಮಾರು 100 ಗ್ರಾಂ, ಆಮೇಲೆ ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಒಂದು ದಿನ ಏರದಿದ್ದರೆ, ಇಳಿದರಂತೂ, ವೈದ್ಯರ ಹತ್ತಿರ ಹೋಗಿ. ಎಳೆಯ ಮರಿ ನೋಡಲು ಚೆನ್ನಾಗಿಯೇ ಇದ್ದು ಕೆಲವೇ ಗಂಟೆಯಲ್ಲಿ ಕೈಬಿಟ್ಟುಹೋಗಬಹುದು. ತೂಕ ಮೊದಲೇ ಸುಳಿವು ಕೊಡುತ್ತದೆ.

ಮನುಷ್ಯರಿಗೆ ಒಗ್ಗಿಕೊಳ್ಳುವ ವಯಸ್ಸು ಎರಡರಿಂದ ಏಳು ವಾರದ ನಡುವೆ. ಈ ಹೊತ್ತಿನಲ್ಲಿ ದಿನಾ ಎತ್ತಿ ಆಡಿಸಿದ ಮರಿ ಮನೆ ಬೆಕ್ಕಾಗುತ್ತದೆ. ನಾಲ್ಕು ತಿಂಗಳು ದಾಟಿದ, ಕೈ ತಾಗಿಸಿಕೊಳ್ಳದ ಮರಿಯನ್ನು ಮನೆಯೊಳಗೆ ಕೂಡಿಹಾಕುವುದಕ್ಕಿಂತ ಆಪರೇಷನ್ ಮಾಡಿಸಿ ತನ್ನ ಜಾಗಕ್ಕೆ ಬಿಡುವುದೇ ದಯೆ. ಸಾಕಲು ಕೊಡುವಾಗ ಸಾಧ್ಯವಾದಷ್ಟೂ ಆಪರೇಷನ್ ಮಾಡಿಸಿಯೇ ಕೊಡಿ. ‘ದೊಡ್ಡದಾದ ಮೇಲೆ ಮಾಡಿಸುತ್ತೇವೆ’ ಅನ್ನುವ ಮಾತು ಬಹಳ ಸಲ ಮಾತಾಗಿಯೇ ಉಳಿಯುತ್ತದೆ.

ಹೊಸ ಮರಿಗಳನ್ನು ಮನೆಯ ಬೆಕ್ಕುಗಳಿಂದ ಎರಡು ವಾರವಾದರೂ ಬೇರೆ ಕೋಣೆಯಲ್ಲಿಡಿ. ಪ್ಯಾನ್‌ಲ್ಯುಕೋಪೇನಿಯಾ ಎಂಬ ವೈರಸ್ ರೋಗ ಲಸಿಕೆ ಇಲ್ಲದ ಮರಿಗಳನ್ನು ಸಾಲಾಗಿ ಕೊಲ್ಲುತ್ತದೆ. ವಾಂತಿ, ಭೇದಿ, ಜ್ವರ, ಊಟ ಬಿಡುವುದು ಇದರ ಲಕ್ಷಣ. ಈ ವೈರಸ್ ನೆಲ, ತಟ್ಟೆ, ಬಟ್ಟೆಗಳ ಮೇಲೆ ಒಂದು ವರ್ಷದವರೆಗೂ ಉಳಿಯಬಲ್ಲದು, ಸ್ಯಾನಿಟೈಸರ್‌ಗೆ ಬಗ್ಗುವುದಿಲ್ಲ. ಮೊದಲು ಸೋಪು ನೀರಲ್ಲಿ ತೊಳೆದು, ಆಮೇಲೆ ಒಂದು ಪಾಲು ಬ್ಲೀಚ್‌ಗೆ 32 ಪಾಲು ನೀರು ಸೇರಿಸಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಫಿನಾಯಿಲ್ ಥರದ ದ್ರಾವಣಗಳನ್ನು ಬೆಕ್ಕಿರುವ ಕಡೆ ಬಳಸಬೇಡಿ, ಅವು ಬೆಕ್ಕಿಗೆ ವಿಷ.

ಕಾಯಿಲೆ ಬಿದ್ದವು

ಇಲ್ಲಿ ಎರಡೇ ಮಾತು ಹೇಳುತ್ತೇನೆ, ಉಳಿದದ್ದು ವೈದ್ಯರ ಕೆಲಸ. ಒಂದು, ಮನೆಯಲ್ಲಿರುವ ಮಾತ್ರೆ ಕೊಡಬೇಡಿ. ಪ್ಯಾರಾಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ಪರ್ಮೆಥ್ರಿನ್ ಇರುವ, ನಾಯಿಗೆಂದು ಮಾಡಿದ ಉಣ್ಣಿ, ಚಿಗಟದ ಔಷಧಿಯೂ ಹಾಗೆಯೇ. ಇನ್ನೊಂದು, ಕೆಲವು ಲಕ್ಷಣಗಳಿಗೆ ನಾಳೆ ಅನ್ನುವ ಮಾತೇ ಇಲ್ಲ. ಗಂಡು ಬೆಕ್ಕು ಮತ್ತೆ ಮತ್ತೆ ಕೂತು ಮುಕ್ಕಿರಿದರೂ ಮೂತ್ರ ಬಾರದಿರುವುದು, ಬಾಯಿ ತೆರೆದು ಉಸಿರಾಡುವುದು, ಹಿಂಗಾಲು ಎಳೆಯುವುದು, ಮರಿ ಹಾಕಲು ತಿಣುಕುತ್ತಲೇ ಇರುವುದು. ಮೂತ್ರ ಕಟ್ಟಿದ ಬೆಕ್ಕು ಎರಡು ಮೂರು ದಿನದಲ್ಲಿ ಸಾಯುತ್ತದೆ.

ನಿಮ್ಮ ಮೈ, ನಿಮ್ಮ ಮನೆ

ಬೆಕ್ಕು ಕಚ್ಚಿದರೆ ಅಥವಾ ರಕ್ತ ಬರುವ ಹಾಗೆ ಪರಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿ ತೊಳೆಯಿರಿ, ಅಂದಾಜಿನ ಮೇಲೆ ಬೇಡ. ಅವತ್ತೇ ವೈದ್ಯರನ್ನು ಕಾಣಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಹೆಚ್ಚುಕಮ್ಮಿ ಬದುಕುವ ದಾರಿಯೇ ಇಲ್ಲ, ಹಾಗಾಗಿ ‘ನೋಡೋಣ’ ಅಂತ ಕಾಯಬಾರದು. ಬೆಕ್ಕಿನ ಹಲ್ಲು ಸಣ್ಣಗೆ ಆಳಕ್ಕೆ ಇಳಿಯುವುದರಿಂದ ಮೇಲೆ ಚುಕ್ಕೆಯಷ್ಟು ಗಾಯವಿದ್ದರೂ ಒಳಗೆ ಕೀವಾಗುವುದು ಜಾಸ್ತಿ. ಕೈ ಕೀಲಿನ ಹತ್ತಿರ ಕಚ್ಚಿದ್ದರಂತೂ ಹಗುರವಾಗಿ ತೆಗೆದುಕೊಳ್ಳಬೇಡಿ. ಪದೇ ಪದೇ ಬೋನು ಹಿಡಿಯುವವರು ಮುಂಚಿತವಾಗಿಯೇ ರೇಬೀಸ್ ಲಸಿಕೆ ಹಾಕಿಸಿಕೊಳ್ಳಿ.

ಗರ್ಭಿಣಿಯರು ಬೆಕ್ಕಿನ ಮಲ ತೆಗೆಯುವ ಕೆಲಸ ಬೇರೆಯವರಿಗೆ ಬಿಡಬೇಕು. ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಮಲದಲ್ಲಿ ಹೊರಬಂದು ಒಂದರಿಂದ ಐದು ದಿನದಲ್ಲಿ ಸೋಂಕು ಹಚ್ಚುವ ಹಂತಕ್ಕೆ ಬರುತ್ತದೆ. ಆದ್ದರಿಂದ ಮರಳಿನ ತಟ್ಟೆಯನ್ನು ದಿನಾ ಚೊಕ್ಕ ಮಾಡಿದರೆ ಅಪಾಯ ಬಹಳ ಕಮ್ಮಿ.

ಮನೆಯಲ್ಲಿ ಎಷ್ಟು ಬೆಕ್ಕು ಅನ್ನುವುದನ್ನು ಮನಸ್ಸು ಕರಗುವ ಮೊದಲೇ ತೀರ್ಮಾನಿಸಿ, ಮನೆಯವರಿಗೂ ಹೇಳಿಡಿ. ಮಿತಿ ಮೀರಿದ ಮನೆಯಲ್ಲಿ ಕಾಯಿಲೆ ಹಬ್ಬುತ್ತದೆ, ಬೆಕ್ಕುಗಳು ಜಗಳವಾಡುತ್ತವೆ, ಕಾಪಾಡಲು ಹೋದವರೇ ಕುಸಿಯುತ್ತಾರೆ. ಇಷ್ಟೇ ಮುಖ್ಯವಾದ ಇನ್ನೊಂದು ಮಾತು: ಬೆಕ್ಕುಗಳ ಫೋಟೋ ಎಲ್ಲಿ ಬೇಕಾದರೂ ಹಾಕಿ, ಅವು ಇರುವ ಜಾಗ ಹೇಳಬೇಡಿ. ಗೊತ್ತಾದರೆ ಬೇಡದ ಬೆಕ್ಕುಗಳನ್ನು ತಂದು ಸುರಿಯುವವರಿದ್ದಾರೆ, ಹಿಂಸೆ ಕೊಡುವವರೂ ಇದ್ದಾರೆ.

ಆಮೇಲೂ ಎಣಿಕೆ

ಎಲ್ಲಕ್ಕೂ ಆಪರೇಷನ್ ಆದ ಮೇಲೆ ಕೆಲಸ ಹಗುರವಾಗುತ್ತದೆ, ಮುಗಿಯುವುದಿಲ್ಲ. ಊಟ ಹಾಕುವವರು ದಿನಾ ಕಿವಿಗಳನ್ನು ನೋಡಬೇಕು. ಗುರುತಿಲ್ಲದ ಹೊಸ ಕಿವಿ ಕಂಡರೆ ಅವತ್ತೇ ಗುಂಪಿಗೆ ತಿಳಿಸಿ, ಆ ವಾರವೇ ಬೋನು ಇಡಿ. ಬಂದದ್ದು ಹತ್ತಿರ ಬಂದು ಕಾಲಿಗೆ ಸವರುವ ಬೆಕ್ಕಾದರೆ ಯಾರದೋ ಮನೆಯಿಂದ ತಪ್ಪಿಸಿಕೊಂಡಿರಬಹುದು, ಸುತ್ತಮುತ್ತ ವಿಚಾರಿಸಿ, ಚರ್ಮದಡಿ ಸಾಕಿದವರ ಗುರುತಿನ ಚಿಪ್ ಇದೆಯೇ ಅಂತ ವೈದ್ಯರ ಹತ್ತಿರ ನೋಡಿಸಿ. ಬೋನಿನೊಳಗೆ ಮನೆ ಬೆಕ್ಕೂ ಕಾಡುಬೆಕ್ಕಿನ ಹಾಗೇ ಬುಸುಗುಡುತ್ತದೆ, ಒಂದೆರಡು ದಿನ ಕಳೆಯದೆ ಅದು ಯಾವ ಥರದ್ದು ಅಂತ ತೀರ್ಮಾನಿಸಬೇಡಿ.

ಚಳಿ, ಮಳೆಗೆ ಆಸರೆ ಮಾಡುವುದಾದರೆ ಚಿಕ್ಕ ಪೆಟ್ಟಿಗೆಯೇ ಸಾಕು, ದೊಡ್ಡದರಲ್ಲಿ ಮೈಬಿಸಿ ನಿಲ್ಲದು. ನೆಲದಿಂದ ಎತ್ತರದಲ್ಲಿಟ್ಟು, ಬೆಕ್ಕು ನುಸುಳುವಷ್ಟೇ ಬಾಗಿಲು ಕೊಯ್ದು, ಒಳಗೆ ಒಣಹುಲ್ಲು ತುಂಬಿ. ಕಂಬಳಿ, ಬಟ್ಟೆ ಬೇಡ, ತೇವ ಹೀರಿ ಇನ್ನಷ್ಟು ಕೊರೆಯುತ್ತವೆ.

ಊಟ ಹಾಕುವವರು ಊರು ಬಿಡುವ ದಿನ ಬಂದೇ ಬರುತ್ತದೆ. ಅದಕ್ಕೆ ಮುಂಚೆಯೇ ಇನ್ನೊಬ್ಬರನ್ನು ಜೊತೆಗೆ ಕರೆದೊಯ್ದು ಬೆಕ್ಕುಗಳಿಗೆ ಅವರ ದನಿ, ವಾಸನೆ ರೂಢಿ ಮಾಡಿಸಿ. ಫೋಟೋಗಳು, ಯಾವ ಬೆಕ್ಕಿಗೆ ಯಾವಾಗ ಆಪರೇಷನ್, ಯಾವಾಗ ಲಸಿಕೆ, ಯಾವುದು ಬೋನಿಗೆ ಹೆದರುತ್ತದೆ, ವೈದ್ಯರ ನಂಬರ್, ಪಕ್ಕದವರಲ್ಲಿ ಯಾರು ಸಹಾಯ ಮಾಡುತ್ತಾರೆ, ಇಷ್ಟನ್ನೂ ನೋಟ್‌ಬುಕ್ಕಿನಲ್ಲಿ ಬರೆದು ಅವರ ಕೈಗೆ ಕೊಡಿ. ಒಂದು ವಾರ ಇಬ್ಬರೂ ಒಟ್ಟಿಗೆ ಹೋಗಿ, ಮುಂದಿನ ವಾರ ಅವರೊಬ್ಬರೇ ಹೋಗಲಿ. ಏನಾದರೂ ಅನುಮಾನ ಬಂದರೆ ಫೋನ್ ಮಾಡಲು ಹೇಳಿ.